ವಾಚ್‌ನ ಹಾರ್ಟ್ ರೇಟ್ ಝೋನ್: ಯಾವ ಲೆಕ್ಕ ಆರಿಸಲಿ?

ವ್ಯಾಯಾಮ ಮಾಡುವಾಗ ಹೃದಯ ನಿಮಿಷಕ್ಕೆ ಎಷ್ಟರಿಂದ ಎಷ್ಟು ಸಲ ಬಡಿಯಬೇಕು ಅನ್ನುವ ಮಿತಿಯೇ ಹಾರ್ಟ್ ರೇಟ್ ಝೋನ್. ಅದನ್ನು ಎರಡು ರೀತಿ ಲೆಕ್ಕ ಹಾಕಬಹುದು. ಮೊದಲ ಲೆಕ್ಕ ಸರಳ: 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ, ಅದರ ಶೇಕಡಾವಾರು ಝೋನ್. ಎರಡನೆಯದಾದ ಕಾರ್ವೊನೆನ್ ಲೆಕ್ಕದಲ್ಲಿ ಗರಿಷ್ಠದಿಂದ ವಿಶ್ರಾಂತಿ ಬಡಿತ (ಸುಮ್ಮನಿದ್ದಾಗಿನ ಬಡಿತ) ಕಳೆದು, ಉಳಿದದ್ದರ ಶೇಕಡಾವಾರು ತೆಗೆದು, ವಿಶ್ರಾಂತಿ ಬಡಿತವನ್ನು ಮತ್ತೆ ಕೂಡಬೇಕು.

ನಿಮಗೆ 40 ವರ್ಷ, ವಿಶ್ರಾಂತಿ ಬಡಿತ 60 ಅಂತಿಟ್ಟುಕೊಳ್ಳಿ. ಶೇ 60ರಿಂದ 70ರ ಝೋನ್ ಮೊದಲನೆಯದರಲ್ಲಿ 108ರಿಂದ 126, ಎರಡನೆಯದರಲ್ಲಿ 132ರಿಂದ 144. ಎಷ್ಟು ವ್ಯತ್ಯಾಸ, ಅಲ್ವಾ?

ಈಗಷ್ಟೇ ವಾಕಿಂಗ್ ಶುರು ಮಾಡಿದವರಿಗೆ ಮೊದಲನೆಯದು ಸಾಕು. ವಿಶ್ರಾಂತಿ ಬಡಿತ ಸರಿಯಾಗಿ ಸಿಗಲೆಂದು ವಾಚನ್ನು ರಾತ್ರಿಯೂ ಕಟ್ಟಿಕೊಂಡು, ವಾರಕ್ಕೆ ನಾಲ್ಕೈದು ದಿನ ಓಡುವವರಿಗೆ ನಾನು ಕಾರ್ವೊನೆನ್ ಹೇಳುತ್ತೇನೆ. ಅಭ್ಯಾಸದಿಂದ ವಿಶ್ರಾಂತಿ ಬಡಿತ ಇಳಿದಂತೆ ಝೋನ್ ಕೂಡ ಬದಲಾಗುತ್ತದೆ. ಆದರೆ ಗರಿಷ್ಠ ಬಡಿತ ಊಹೆಯದ್ದಾದರೆ ಎರಡೂ ತಪ್ಪಬಹುದು. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಎರಡನ್ನೂ ನಂಬದೆ ಡಾಕ್ಟರನ್ನು ಕೇಳಿ.