ಹಳೇ ಪಿಸಿಯಲ್ಲಿ ಓಪನ್‌ಸೆನ್ಸ್, ಜೊತೆಗೆ ಝೆನ್‌ಆರ್ಮರ್: ಆರು ತಿಂಗಳಾದ ಮೇಲೆ

ನಮ್ಮದು ಹನ್ನೆರಡು ಕಂಪ್ಯೂಟರ್ ಇರುವ ಅಕೌಂಟ್ಸ್ ಆಫೀಸು. ಯಾರೋ ಫೋನ್ ಮಾಡಿ ಹೇಳಿದರು ಅಂತ ಒಬ್ಬ ಹುಡುಗ ರಿಮೋಟ್ ಆ್ಯಪ್ (ಬೇರೆಯವರು ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಆ್ಯಪ್) ಹಾಕಿಕೊಂಡ. ಮೌಸ್ ತಾನಾಗೇ ಓಡಾಡುವುದನ್ನು ಕಂಡು ಗಾಬರಿಯಾಗಿ ಗೋಡೆ ಸ್ವಿಚ್ಚನ್ನೇ ಆರಿಸಿದ. ದುಡ್ಡು ಹೋಗಲಿಲ್ಲ, ಪುಣ್ಯ.

ಆಮೇಲೆ ಮೂಲೆಯಲ್ಲಿದ್ದ ಹಳೇ ಪಿಸಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ಓಪನ್‌ಸೆನ್ಸ್ ಹಾಕಿದೆ. ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲ್‌ನಿಂದ ಕವಲೊಡೆದು 2015ರಲ್ಲಿ ಬಂದ ಉಚಿತ ಫೈರ್‌ವಾಲ್ ಇದು, ಅಂದರೆ ಆಫೀಸಿಗೂ ಇಂಟರ್ನೆಟ್‌ಗೂ ನಡುವಿನ ಕಾವಲುಗಾರ. ಆದರೆ ಬರೀ ಪೋರ್ಟ್ (ಟ್ರಾಫಿಕ್ ಹೋಗಿಬರುವ ನಂಬರ್ ಇರುವ ಬಾಗಿಲು) ಮುಚ್ಚಿದರೆ ಏನೂ ಆಗಲ್ಲ, ಯಾಕಂದ್ರೆ ಬ್ಯಾಂಕ್ ಸೈಟೂ 443ನೇ ಪೋರ್ಟಿನಲ್ಲೇ, ರಿಮೋಟ್ ಆ್ಯಪ್‌ಗಳೂ ತಮ್ಮ ಪೋರ್ಟ್ ಮುಚ್ಚಿದ್ದರೆ 443ರಿಂದಲೇ ನುಸುಳುತ್ತವೆ. ಅದನ್ನು ಮುಚ್ಚಿದರೆ ಆಫೀಸೇ ಮುಚ್ಚಿದ ಹಾಗೆ. ಅದಕ್ಕೇ ಓಪನ್‌ಸೆನ್ಸ್ ಮೇಲೆ ಝೆನ್‌ಆರ್ಮರ್ ಅನ್ನುವ ಪ್ಲಗಿನ್ ಹಾಕಿದೆ. ಡೇಟಾ ಎನ್‌ಕ್ರಿಪ್ಟ್ ಆಗಿದ್ದರೂ, ಕನೆಕ್ಷನ್ ಶುರುವಾಗುವಾಗ ಸರ್ವರ್ ಹೆಸರು ಸಾಮಾನ್ಯವಾಗಿ ಬಯಲಲ್ಲೇ ಹೋಗುತ್ತೆ ಅಲ್ವಾ, ಅಂಥ ಗುರುತುಗಳನ್ನು ಹಿಡಿದು ಇದು ಯಾವ ಆ್ಯಪ್ ಅಂತ ಹೇಳುತ್ತದೆ. ರಿಮೋಟ್ ಆ್ಯಪ್‌ಗಳ ಗುಂಪನ್ನು ಒಂದೇ ಕ್ಲಿಕ್ಕಿನಲ್ಲಿ ತಡೆದೆ. ಆ ಖುಷಿಯಲ್ಲಿ ಆನ್‌ಲೈನ್ ಸ್ಟೋರೇಜನ್ನೂ ತಡೆದೆ. ತಪ್ಪಾಗಿದ್ದು ಅಲ್ಲೇ. 20ನೇ ತಾರೀಕು, ಜಿಎಸ್‌ಟಿಯ 3ಬಿ ರಿಟರ್ನ್‌ಗೆ ಕೊನೇ ದಿನ, ಪಾರ್ಟಿಯವರು ಬಿಲ್ಲುಗಳನ್ನೆಲ್ಲ ಗೂಗಲ್ ಡ್ರೈವ್ ಲಿಂಕಿನಲ್ಲಿ ಕಳಿಸಿದ್ದಾರೆ, ಒಂದೂ ತೆರೆಯುತ್ತಿಲ್ಲ, ಎಲ್ಲರೂ ಇಂಟರ್ನೆಟ್ ಕೊಟ್ಟವನನ್ನು ಬೈಯುತ್ತಿದ್ದಾರೆ, ನಾನು ಮಾತ್ರ ಸುಮ್ನೆ ಹೋಗಿ ಆ ಟಿಕ್ ತೆಗೆದು ಬಂದೆ. ಮೊದಲು ಒಂದು ವಾರ ಏನನ್ನೂ ತಡೆಯದೆ ರಿಪೋರ್ಟ್ ನೋಡಿದ್ದರೆ ಈ ಪಾಡು ಇರಲಿಲ್ಲ.

ರಿಪೋರ್ಟ್ ಪರದೆ ನನಗೆ ತುಂಬಾ ಇಷ್ಟ. ಯಾವ ಕಂಪ್ಯೂಟರು, ಯಾವ ಆ್ಯಪ್, ಎಷ್ಟು ಡೇಟಾ, ಎಲ್ಲ ಕಾಣುತ್ತದೆ. ಕೊರತೆಗಳೂ ಇವೆ. ಉಚಿತ ಆವೃತ್ತಿಯಲ್ಲಿ ಎಲ್ಲರಿಗೂ ಒಂದೇ ಪಾಲಿಸಿ, ಅಂದರೆ ಏನನ್ನು ತಡೆಯಬೇಕು ಅನ್ನುವ ಒಂದೇ ಪಟ್ಟಿ. ಸಾಹೇಬರಿಗೊಂದು, ನಮಗೊಂದು ಬೇಕಾದರೆ ದುಡ್ಡು ಕೊಡಬೇಕು. ಒಂದೇ ನೆಟ್‌ವರ್ಕ್ ಸ್ವಿಚ್ಚಿನಲ್ಲಿರುವ ಟ್ಯಾಲಿ ಸರ್ವರ್ ಕಡೆ ಯಾರು ಹೋಗುತ್ತಾರೆ ಅನ್ನುವುದು ಇದಕ್ಕೆ ಕಾಣಿಸಲ್ಲ, ಆ ಟ್ರಾಫಿಕ್ ಫೈರ್‌ವಾಲ್ ದಾಟುವುದೇ ಇಲ್ಲವಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೂ ಇದರ ಹತ್ತಿರ ಮದ್ದಿಲ್ಲ. ನಮ್ಮ ಹುಡುಗನಿಗೆ ಅದು ಎರಡನೇ ದಿನವೇ ಗೊತ್ತಾಯಿತು.