ಹಳೆ ಮೊಪೆಡ್‌ಗೆ ಹಾಕಿಸಿದ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್): ಮಾಲು ಚೆನ್ನಾಗಿದೆ, ಆದರೆ...

ಜೇವರ್ಗಿ ರೋಡಿನ ಕಡೆ ಇರುವ ಹೊಲಕ್ಕೆ ಓಡಾಡೋಕೆ ನನ್ನ ಹತ್ತಿರ ಒಂದು ಹಳೆ ಟು ಸ್ಟ್ರೋಕ್ ಮೊಪೆಡ್ ಇದೆ. ಬ್ಯಾಟರಿ ಇಲ್ಲದ ಗಾಡಿ. ಇಂಜಿನ್ ಆಫ್ ಆದರೆ ಲೈಟೂ ಆಫ್. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಂದಿ ಕಾಟ ಜಾಸ್ತಿ, ರಾತ್ರಿಯಿಡೀ ಇಂಜಿನ್ ಓಡಿಸಿಕೊಂಡು ಲೈಟ್ ಹಾಕಿ ಕೂರೋಕಾಗುತ್ತಾ?

ಅದಕ್ಕೇ ಗಾಡಿಗೊಂದು ಬ್ಯಾಟರಿ ಇಟ್ಟು, ಅದು ಚಾರ್ಜ್ ಆಗಲಿ ಅಂತ ಮೊದಲು ಬುದ್ಧಿ ಉಪಯೋಗಿಸಿ ಬರೀ ಒಂದು ಡಯೋಡ್ ಹಾಕಿದೆ. ಇಂಜಿನ್ ತಿರುಗುವಾಗ ಲೈಟಿಗೆ ಕರೆಂಟ್ ಕೊಡೋ ಕಾಯಿಲ್‌ನಿಂದ ಬರೋದು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯೋ ಕರೆಂಟ್, ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿನ ಡಿಸಿ, ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತೆ, ಅಲ್ಲಿಗೆ ಸರಿ. ಆದರೆ ವೋಲ್ಟೇಜ್ ತಡೆಯೋರು ಯಾರು? ಕಾಯಿಲ್ ವೈರ್ ಬಿಚ್ಚಿ ಮೀಟರ್ ಹಿಡಿದರೆ ಐಡಲ್‌ನಲ್ಲಿ 11 ವೋಲ್ಟ್, ಆಕ್ಸಿಲರೇಟರ್ ತಿರುವಿದರೆ 30 ದಾಟುತ್ತೆ. ಎರಡೇ ವಾರದಲ್ಲಿ ಹೊಸ 5 ಎಎಚ್ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತು.

ಆಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಕಡೆ ಹೋಗಿ 450 ರೂಪಾಯಿ ಕೊಟ್ಟು ಈ ರೆಗ್ಯುಲೇಟರ್-ರೆಕ್ಟಿಫೈಯರ್ ತಂದೆ. ಎಸಿಯನ್ನು ಡಿಸಿ ಮಾಡೋದು, ವೋಲ್ಟೇಜ್ ತಡೆಯೋದು ಎರಡೂ ಇದರದೇ ಕೆಲಸ. ಎರಡು ಹಳದಿ ವೈರ್, ಒಂದು ಕೆಂಪು, ಒಂದು ಹಸಿರು. ವಾರಂಟಿ ಎಷ್ಟಪ್ಪಾ ಅಂದರೆ, "ಈ ಓಣಿ ದಾಟೋ ತನಕ ಅದರಿ ಕಾಕಾ" ಅಂದ ಹುಡುಗ. ಡಬ್ಬಿಯೊಳಗೆ ಒಂದು ಚೀಟಿ ಇಲ್ಲ, ಯಾವ ವೈರ್ ಎಲ್ಲಿಗೆ ಅನ್ನೋ ಚಿತ್ರ ಇಲ್ಲ. ನಾನೇ ಜೋಡಿಸಿದೆ. ಹಳದಿ ಒಂದು ಕಾಯಿಲ್‌ಗೆ, ಇನ್ನೊಂದು ಗಾಡಿಯ ಕಬ್ಬಿಣದ ಬಾಡಿಗೆ (ಅದೇ ಅರ್ಥ್), ಕೆಂಪು ಬ್ಯಾಟರಿ ಪ್ಲಸ್‌ಗೆ, ಹಸಿರೂ ಬಾಡಿಗೆ. ಹತ್ತು ನಿಮಿಷಕ್ಕೆ ಯೂನಿಟ್ ಮುಟ್ಟೋಕಾಗದಷ್ಟು ಬಿಸಿಯಾಯಿತು, ಚಾರ್ಜ್ ಮಾತ್ರ ಅಷ್ಟಕ್ಕಷ್ಟೇ. ಮಾಲೇ ಕೆಟ್ಟದ್ದು ಅಂತ ಬೈದುಕೊಂಡೆ.

ತಪ್ಪು ಮಾಲಿನದಲ್ಲ. ನಮ್ಮ ಓಣಿಯ ಆಟೋ ಎಲೆಕ್ಟ್ರಿಷಿಯನ್ ಮ್ಯಾಗ್ನೆಟ್ ಬಿಚ್ಚಿ ತೋರಿಸಿದ: "ನೋಡ್ರಿ ಕಾಕಾ, ಕಾಯಿಲ್‌ದು ಒಂದು ತುದಿ ಪ್ಲೇಟಿಗೇ ಅರ್ಥ್ ಆಗ್ಯದ. ಇದನ್ನ ಎಬ್ಬಿಸ್ದೆ ಫುಲ್ ವೇವ್ ಹ್ಯಾಂಗ್ ನಡಿತದ?" ಫುಲ್ ವೇವ್ ಅಂದರೆ ಎಸಿಯ ಎರಡೂ ದಿಕ್ಕಿನ ಕರೆಂಟನ್ನು ಚಾರ್ಜಿಗೆ ಬಳಸೋದು. ಬ್ಯಾಟರಿ ಮೈನಸ್ಸೂ ಬಾಡಿಗೆ, ಕಾಯಿಲ್ ತುದಿಯೂ ಬಾಡಿಗೆ ಇದ್ದರೆ, ಕರೆಂಟ್ ಒಂದು ಸಲ ಬ್ಯಾಟರಿಗೆ ಹೋಗುತ್ತೆ, ಮುಂದಿನ ಸಲ ಒಳಗಿನ ಒಂದು ಡಯೋಡ್ ಮೂಲಕ ಸೀದಾ ಶಾರ್ಟ್ ಆಗುತ್ತೆ. ಅರ್ಧ ಚಾರ್ಜು, ಇನ್ನರ್ಧ ಬಿಸಿ. ಆ ತುದಿಯ ಬೆಸುಗೆ ಬಿಡಿಸಿ, ಬೇರೆ ವೈರ್ ಹಾಕಿ ಹೊರಗೆ ತಂದ. ಇಗ್ನಿಷನ್ ಕಾಯಿಲ್ ಬೇರೆ, ಅದರ ತಂಟೆಗೆ ಹೋಗಬೇಡಿ ಅಂತಲೂ ಹೇಳಿದ. ಕೂಲಿ 200.

ಈಗ ಮೀಟರ್ ಇಟ್ಟರೆ ಅರ್ಧ ಆಕ್ಸಿಲರೇಟರ್‌ಗೆ 14.2 ವೋಲ್ಟ್, ಪೂರ್ತಿ ಎಳೆದರೂ 14.5 ದಾಟಲ್ಲ. ಇದಕ್ಕಿಂತ ಇನ್ನೇನು ಬೇಕು.

ಖರ್ಚು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಕಾಯಿಲ್ ಅರ್ಥ್ ಬಿಟ್ಟ ಮೇಲೆ ಲೈಟು, ಹಾರ್ನ್ ಎಲ್ಲಾ ಬ್ಯಾಟರಿ ಮೇಲೇ ಬರಬೇಕು. ಹಳೆ ಎಸಿ ಹಾರ್ನ್ ಡಿಸಿಯಲ್ಲಿ ಕೂಗಲ್ಲ, ಬರೀ ಟಕ್ ಅನ್ನುತ್ತೆ. ಅದನ್ನು ಬದಲಿಸಿದೆ. 35 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 3 ಆಂಪಿಯರ್ ಎಳೆಯುತ್ತೆ, ಚಿಕ್ಕ ಕಾಯಿಲ್ ಎಲ್ಲಿಂದ ತರಬೇಕು ಪಾಪ, ಅದಕ್ಕೇ ಎಲ್‌ಇಡಿ ಹಾಕಿದೆ. ಫ್ಯೂಸ್ ಡಬ್ಬಿಯಲ್ಲಿ ಬರಲ್ಲ, ಬ್ಯಾಟರಿ ಪ್ಲಸ್ ಪಕ್ಕದಲ್ಲೇ 5 ಆಂಪಿಯರ್‌ದು ಒಂದು ನಾವೇ ಹಾಕಿಕೊಳ್ಳಬೇಕು. ವೈರೂ ಗಿಡ್ಡ.

ಇನ್ನೊಂದು. ಇದನ್ನು ಸೀಟಿನ ಕೆಳಗೆ ಸುಮ್ನೆ ಟ್ಯಾಗ್ ಕಟ್ಟಿ ಬಿಡಬೇಡಿ, ನಾನು ಮಾಡಿದ್ದು ಅದನ್ನೇ. ಬ್ಯಾಟರಿಗೆ ಹಿಡಿಸಿ ಉಳಿದ ಕರೆಂಟನ್ನು ಈ ಜಾತಿಯ ಯೂನಿಟ್ ಒಳಗೇ ಶಾರ್ಟ್ ಮಾಡಿ ಕಾಯಿಲ್‌ಗೆ ವಾಪಸ್ ತಿರುಗಿಸುತ್ತೆ, ಹಾಗಾಗಿ ಲೈಟ್ ಆರಿಸಿದ್ದರೂ ಮೈ ಬಿಸಿ. ನಮ್ಮ ಕಲಬುರಗಿ ಮೇ ತಿಂಗಳ ಬಿಸಿಲು ಬೇರೆ. ಈಗ ಚಾಸಿಯ ಕಬ್ಬಿಣಕ್ಕೆ ಬೋಲ್ಟ್ ಹಾಕಿ, ಗಾಳಿ ತಾಗುವ ಕಡೆ ಕೂರಿಸಿದ್ದೇನೆ. ಆರು ತಿಂಗಳ ಮೇಲಾಯಿತು, ಬ್ಯಾಟರಿ ಹೊಟ್ಟೆ ಸಪಾಟಾಗೇ ಇದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಿತ್ತುಕೊಂಡಿದ್ದು ಆ ಚೀಟಿ ಇಡದೇ ಇದ್ದದ್ದಕ್ಕೆ.