ಐಪಾಡ್ ಕ್ಲಾಸಿಕ್ 160 ಜಿಬಿ: ಹಾಡಿಗೆ ಅಂತಲೇ ಒಂದು ಪ್ಲೇಯರ್

ಆಪಲ್‌ನವ್ರು ಇದನ್ನ 2014ರಲ್ಲೇ ನಿಲ್ಲಿಸಿಬಿಟ್ರು, ಆದ್ರೂ ಒಳ್ಳೇ ಕಂಡೀಷನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ರೆ ಬಿಡ್ಬೇಡಿ. ನನ್ನ ಹತ್ರ ಇರೋ ಭಾವಗೀತೆ, ಸಿನಿಮಾ ಹಾಡು, ಗಂಟೆಗಟ್ಲೆ ಹಿಂದೂಸ್ತಾನಿ ಕಚೇರಿ ಎಲ್ಲಾ ಇದ್ರಲ್ಲೇ ಇದೆ, ನೆಟ್ ಬೇಡ, ಮಧ್ಯೆ ಫೋನ್ ಬಂದು ಆಲಾಪ ಕಟ್ ಆಗಲ್ಲ, ಜಾಹೀರಾತಂತೂ ಇಲ್ವೇ ಇಲ್ಲ. ಕ್ಲಿಕ್ ವೀಲ್ ಮೇಲೆ ಹೆಬ್ಬೆರಳು ಸುತ್ತಿಸ್ತಾ ಹೋದ್ರೆ ಸಾವಿರಾರು ಹಾಡಿನ ಪಟ್ಟಿ ಸರ್ರಂತ ಓಡುತ್ತೆ, ಕಿವಿ ಹತ್ರ ಹಿಡಿದ್ರೆ ಒಳಗಿನ ಹಾರ್ಡ್ ಡಿಸ್ಕ್ ತಿರುಗೋದೂ ಸಣ್ಣಗೆ ಕೇಳುತ್ತೆ. ಬ್ಲೂಟೂತ್ ಇಲ್ಲ. ಫ್ಲಾಕ್ ಫೈಲ್ (ಕ್ವಾಲಿಟಿ ಕಮ್ಮಿ ಆಗದ ಹಾಗೆ ಹಾಡು ಇಡೋ ಫಾರ್ಮ್ಯಾಟ್) ನೇರವಾಗಿ ಓಡಲ್ಲ, ಆಪಲ್‌ನವ್ರದ್ದೇ ಅಂಥ ಫಾರ್ಮ್ಯಾಟ್ ಆದ ಆಪಲ್ ಲಾಸ್‌ಲೆಸ್‌ಗೆ ಕನ್ವರ್ಟ್ ಮಾಡ್ಬೇಕು ಇಲ್ಲಾಂದ್ರೆ ರಾಕ್‌ಬಾಕ್ಸ್ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕ್ಬೇಕು. ಡಿಸ್ಕ್ ಹಳೇದಾದ್ರೆ ಅಡಾಪ್ಟರ್ ಹಾಕಿ ಎಸ್‌ಡಿ ಕಾರ್ಡ್ ಕೂರಿಸ್ಬಹುದು, ಆದ್ರೆ ಆ ಮೆಟಲ್ ಬಾಡಿ ಬಿಚ್ಚೋದು ತುಂಬಾ ಕಷ್ಟ, ಗೊತ್ತಿರೋರ ಕೈಲೇ ಮಾಡ್ಸಿ.